ಪಕ್ಕದ ಸೀಟು

"ಎಡಕ್ಕೆ, ಎಡಕ್ಕೆ! ಇನ್ನೂ ಎಡಕ್ಕೆ ತಿರುಗಿಸಿ!"

"ಅಯ್ಯೋ, ಬಲಕ್ಕೆ ಹೊಡೀರಿ, ಹಿಂದೆ ಮೋರಿ ಇದೆ!"

"ನಿಲ್ಲಿ ನಿಲ್ಲಿ, ಕನ್ನಡಿ ತಾಗುತ್ತೆ!"

ಶವವಾಹನ ಗಲ್ಲಿಯ ತಿರುವಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಮುಂದೆ ಹೋದರೆ ಬೇಕರಿಯ ಮೆಟ್ಟಿಲು, ಹಿಂದೆ ಬಂದರೆ ಮೋರಿ. ಸುತ್ತ ನಿಂತಿದ್ದವರಲ್ಲಿ ಬಾಯಿ ಮುಚ್ಚಿಕೊಂಡಿದ್ದವರು ಒಬ್ಬರೂ ಇಲ್ಲ. ಇರುವುದಾದರೂ ಹೇಗೆ? ದಂತವೈದ್ಯ, ಬೇಕರಿಯವನು, ಹೈಸ್ಕೂಲಿನ ಗಣಿತದ ಟೀಚರು, ಎಲ್ಲರೂ ಬ್ರೇಕ್ ಮೇಷ್ಟ್ರ ಹತ್ತಿರವೇ ಕಾರು ಕಲಿತವರು. ಆ ಮೇಷ್ಟ್ರು ಮಾತ್ರ ಇವತ್ತು ಒಳಗೆ ನಡುಮನೆಯಲ್ಲಿ ಹೂವಿನ ನಡುವೆ ಮಲಗಿದ್ದರು, ಯಾರಿಗೂ ಏನೂ ಹೇಳದೆ.

ಗದ್ದಲ ಕೇಳಿ ಮೇಷ್ಟ್ರ ಹೆಂಡತಿ ಗೇಟಿನಾಚೆ ಬಂದರು. ಜನ ತಾನೇ ತಾನಾಗಿ ದಾರಿ ಬಿಟ್ಟಿತು. ಅವರು ನೇರ ಹೋಗಿ ವಾಹನದ ಕಿಟಕಿಯ ಹತ್ತಿರ ನಿಂತರು. ಚಾಲಕ ಎಳೆಯ ವಯಸ್ಸಿನವನು, ಬೆವರಿನಲ್ಲಿ ತೊಯ್ದುಹೋಗಿದ್ದ.

"ಇವರೆಲ್ಲ ಹೇಳೋದನ್ನ ಒಟ್ಟಿಗೆ ಕೇಳಿದ್ರೆ ಸಂಜೆವರೆಗೂ ಇಲ್ಲೇ ಇರ್ತೀಯಪ್ಪಾ. ಒಬ್ಬರನ್ನ ಆರಿಸ್ಕೊ. ಅವರ ಮಾತಷ್ಟೇ ಕೇಳು."

ಅವನು ಸುತ್ತ ಕಣ್ಣಾಡಿಸಿದ. "ಹಾಗಾದ್ರೆ ನೀವೇ ಹೇಳಿ, ಅಮ್ಮ."

ಅವರು ಹಿಂದೆ ಹೋಗಿ, ಅವನ ಕನ್ನಡಿಯಲ್ಲಿ ತಾವು ಕಾಣುವಂತೆ ನಿಂತು, ಕೈ ಎತ್ತಿದರು. "ಬಾ... ಬಾ... ಈಗ ಪೂರ್ತಿ ತಿರುಗಿಸು... ಸಾಕು." ಗಾಡಿ ನೆಟ್ಟಗಾಗಿ ಗೇಟಿನ ಮುಂದೆ ಬಂದು ನಿಂತಿತು.

"ಅತ್ತಿಗೆ, ನೀವ್ಯಾಕೆ ಹೊರಗೆ ಬಂದ್ರಿ? ನಾವಿಲ್ವಾ?" ಎಂದು ಮೈದುನ ಓಡಿ ಬಂದ. ಬಣ್ಣದ ಅಂಗಡಿ ಇಟ್ಟುಕೊಂಡವನು. ಅಣ್ಣನಿಗಿಂತ ಏಳೆಂಟು ವರ್ಷ ಚಿಕ್ಕವನಾದರೂ ಅಣ್ಣನ ಮನೆಯ ವಿಷಯದಲ್ಲಿ ಹಿರಿಯನ ಗತ್ತು. ಅತ್ತಿಗೆಯನ್ನು ಅಡುಗೆಮನೆಗೆ ಕರೆದೊಯ್ದು, ಕೈಗೆ ಒಂದು ಲೋಟ ಟೀ ಕೊಟ್ಟು, ದನಿ ತಗ್ಗಿಸಿದ.

"ಇವತ್ತು ಈ ಮಾತು ಎತ್ತಬಾರದು, ಗೊತ್ತು. ಆದ್ರೂ ಹೇಳ್ಬಿಡ್ತೀನಿ. ಅಣ್ಣ ಕಾರು ನಿಲ್ಲಿಸ್ತಿದ್ದ ಶೆಡ್ಡು ಮಾರಿಬಿಡಿ. ನಮ್ಮನೇಲಿ ಮೇಲಿನ ರೂಮು ಖಾಲಿ ಇದೆ, ಬಂದುಬಿಡಿ. ದುಡ್ಡಿನ ವಿಷಯ ನಾನು ನೋಡ್ಕೋತೀನಿ. ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ."

"ಮೊದಲು ನಿಮ್ಮಣ್ಣನ್ನ ಕಳಿಸೋಣ ಕಣೋ," ಎಂದರು ಅವರು.

"ಅದೂ ಸರಿಯೇ. ನೀವು ನಮ್ಮ ಕಾರಲ್ಲಿ ಬನ್ನಿ, ಹಿಂದಿನ ಸೀಟು ಖಾಲಿ ಇಟ್ಟಿದ್ದೀನಿ."

"ಬೇಡ. ನೀನು ಗಾಡಿಯಲ್ಲಿ ಅವರ ಪಕ್ಕ ಕೂತ್ಕೊ. ಒಬ್ಬರೇ ಹೋಗೋದು ಬೇಡ. ನಾನು ಹಿಂದೆ ನನ್ನ ಕಾರಲ್ಲಿ ಬರ್ತೀನಿ."

ಅವರು ಲೋಟ ಕಟ್ಟೆಯ ಮೇಲಿಟ್ಟು ಹೊರಟರು. ಟೀ ಹಾಗೇ ಆರುತ್ತಿತ್ತು.

*

ಕೆಲವು ವರ್ಷಗಳ ಹಿಂದೆ ಮೇಷ್ಟ್ರ ಬಲಮೊಣಕಾಲು ಹಟ ಹಿಡಿಯಿತು. "ಕಾಲು ಕೈಕೊಡ್ತು ನೋಡು" ಎಂದು ಅವರೇ ನಗಾಡುತ್ತಿದ್ದರು. ನಗಾಡುವ ವಿಷಯವೇನೂ ಅದಾಗಿರಲಿಲ್ಲ. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಬ್ಬಿಬ್ಬಾದಾಗ ಮೇಷ್ಟ್ರು ಅದನ್ನು ಒತ್ತಿ ಕಾರು ನಿಲ್ಲಿಸುತ್ತಿದ್ದರು. ಅವರ ಹೆಸರು ಬಂದದ್ದೇ ಹಾಗೆ. ಊರಿನ ಅರ್ಧ ಜನ ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದುದು ಆ ಒಂದು ಕಾಲಿನ ಪುಣ್ಯದಿಂದ.

ಒಂದು ಮಧ್ಯಾಹ್ನ ಹೊಸದಾಗಿ ಸೇರಿದ್ದ ಶಿಷ್ಯನೊಬ್ಬ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ. ಮೇಷ್ಟ್ರ ಕಾಲು ಎಂದಿನಂತೆ ಮೇಲೆದ್ದಿತು, ಇಳಿಯುವುದು ತಡವಾಯಿತು. ಕಾರು ತರಕಾರಿ ಗಾಡಿಯೊಂದಕ್ಕೆ ಮುತ್ತಿಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಟೊಮೇಟೊ ಉರುಳಿದವು, ಮೇಷ್ಟ್ರು ಕೂತು ಒಂದೊಂದಾಗಿ ಆಯ್ದುಕೊಟ್ಟರು. ಆದರೆ ಆ ಸಂಜೆ ಊಟದ ತಟ್ಟೆಯ ಮುಂದೆ ಕೂತವರು ಕೈಯನ್ನೇ ಹಾಕಲಿಲ್ಲ.

"ಸಾಕು ಕಣೇ. ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ. ಅದನ್ನ ನಂಬ್ಕೊಂಡು ಇನ್ನೊಬ್ಬರ ಜೀವ ಹಿಡ್ಕೊಳ್ಳೋಕೆ ಆಗಲ್ಲ."

ಮೇಷ್ಟ್ರು ಕೆಲಸ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿದ್ದೇ ತಡ, ಸಲಹೆಗಳ ಸುರಿಮಳೆ. ಶೆಡ್ಡು ಮಾರಿ ಬೇಕರಿಗೆ ಪಾಲುದಾರರಾಗಿ ಎಂದ ಬೇಕರಿಯವನು. ಎಲ್ಲ ಬ್ಯಾಂಕಿನಲ್ಲಿಟ್ಟು ಮರೆತುಬಿಡಿ ಎಂದ ದಂತವೈದ್ಯ. ಮೈದುನನಂತೂ ಊರಾಚೆ ಒಂದು ಜಾಗವನ್ನೇ ಗೊತ್ತು ಮಾಡಿಕೊಂಡು ಬಂದ. "ಶೆಡ್ಡು, ಕಾರು, ಇರೋ ಠೇವಣಿ ಎಲ್ಲಾ ಸೇರಿಸಿ ಇದಕ್ಕೆ ಹಾಕಣ್ಣ. ಅರ್ಧ ನಿಂದು, ಅರ್ಧ ನಂದು. ಜಾಗ ಅಂದ್ರೆ ಎಲ್ಲಿಗೂ ಓಡಿಹೋಗಲ್ಲ." ಮೇಷ್ಟ್ರು ತಲೆಯಾಡಿಸಿದರು. ತಮ್ಮನ ಮಾತೆಂದರೆ ಅವರಿಗೆ ಮೊದಲಿನಿಂದಲೂ ಒಂದು ಮಮತೆ.

ಹೆಂಡತಿ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಪರದೆ ಹೊಲಿದು ಕೊಡುವುದು ಅವರ ಕಸುಬು. ಆ ವಾರವಷ್ಟೇ ಒಂದು ಕಚೇರಿಯ ಕಿಟಕಿಗಳ ಅಳತೆ ತೆಗೆಯಲು ಹೋಗಿದ್ದರು. ನಿವೃತ್ತಿಯಾಗುವವರು ತಮ್ಮ ದುಡ್ಡನ್ನು ಹೇಗಿಟ್ಟುಕೊಳ್ಳಬೇಕು ಎಂದು ಹೇಳಿಕೊಡುವ ಹೆಂಗಸಿನ ಕಚೇರಿ ಅದು. ಸ್ಟೂಲಿನ ಮೇಲೆ ನಿಂತು ಟೇಪು ಹಿಡಿದಿದ್ದಾಗ, ಆ ಹೆಂಗಸು ಎದುರಿಗೆ ಕೂತ ದಂಪತಿಗೆ "ಇದು ನಿಮಗೆ ಬೇಡ, ಯಾರೇ ಬಂದು ಹೇಳಿದ್ರೂ ತಗೋಬೇಡಿ" ಎಂದದ್ದು ಕಿವಿಗೆ ಬಿದ್ದಿತ್ತು. ಬೇಡ ಎನ್ನುವುದಕ್ಕೂ ಸಂಬಳ ತೆಗೆದುಕೊಳ್ಳುವವರಿದ್ದಾರೆಯೇ ಎಂದು ಇವರಿಗೆ ಸೋಜಿಗ.

ಮೈದುನ ಹೋದ ಮೇಲೆ ಹೇಳಿದರು, "ತಿಳಿದವರನ್ನ ಒಂದು ಮಾತು ಕೇಳೋಣ ರೀ."

"ಯಾರನ್ನ?"

ಹೇಳಿದರು. ಆ ಕಚೇರಿಯ ಹೆಂಗಸಿನ ಹೆಸರು ಕೇಳಿದ್ದೇ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

"ಯಾರು, ಆ ಲೈಟುಕಂಬದ ಹುಡುಗಿನಾ? ನನ್ನ ಹತ್ರ ಕಲಿಯೋವಾಗ ನಟ್ಟನಡು ಹಗಲಲ್ಲಿ ನಿಂತಿರೋ ಕಂಬಕ್ಕೆ ಹೋಗಿ ಗುದ್ದಿದವಳು! ಅವಳ ಕೈಗೆ ನನ್ನ ಮುಪ್ಪು ಕೊಡ್ಲಾ?"

"ಗುದ್ದಿದಾಗ ಕಾಲೇಜಿಗೆ ಹೋಗ್ತಿದ್ಲು. ಈಗ ಅವಳಿಗೆ ಓದೋ ಕನ್ನಡಕ ಬಂದಿದೆ."

"ಹಿಂದೆ ಒಬ್ಬ ಟೈ ಕಟ್ಕೊಂಡು ಬಂದು ಸಿಹಿ ಸಿಹಿಯಾಗಿ ಮಾತಾಡಿ ಏನೋ ಪಾಲಿಸಿ ತಲೆಗೆ ಕಟ್ಟಿ ಹೋಗ್ಲಿಲ್ವಾ? ಇವರೆಲ್ಲ ಒಂದೇ."

"ಅವನು ಮಾರೋಕೆ ಬಂದಿದ್ದ. ಇವಳು ಏನೂ ಮಾರಲ್ಲ. ಹೇಳಿದ್ದಕ್ಕೆ ಫೀಸು ತಗೋತಾಳೆ, ಅಷ್ಟೇ. ನಾನು ವಿಚಾರಿಸಿದ್ದೀನಿ."

"ಮನೆ ವಿಷಯ ಹೊರಗಿನವರ ಮುಂದೆ ಬಿಚ್ಚಿಡೋದು, ಅದಕ್ಕೆ ಮೇಲಿಂದ ದುಡ್ಡು ಬೇರೆ ಕೊಡೋದು!"

ಅವರು ಹಲ್ಲಿನಲ್ಲಿ ದಾರ ಕಡಿದು, ಪರದೆ ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ರೀ, ಮದುವೆಯಾದಾಗಿನಿಂದ ನಿಮ್ಮ ಒಂದು ಮಾತು ಕೇಳ್ತಾ ಬಂದಿದ್ದೀನಿ. 'ಡ್ರೈವಿಂಗ್ ಮನೆಯವರ ಹತ್ರ ಕಲೀಬೇಡಿ. ಕಾರೂ ಕೆಡುತ್ತೆ, ಸಂಸಾರಾನೂ ಕೆಡುತ್ತೆ. ಗೊತ್ತಿರೋರ ಹತ್ರ ದುಡ್ಡು ಕೊಟ್ಟು ಕಲೀರಿ.' ಬಂದವರಿಗೆಲ್ಲ ಇದೇ ಹೇಳ್ತೀರಿ. ಅದೇ ಮಾತು ಹೇಳಿ ನನಗೂ ಕಲಿಸಲಿಲ್ಲ. ಈಗ ಮುಪ್ಪಿನ ವಿಷಯ ಮಾತ್ರ ತಮ್ಮನ ಹತ್ರ ಕಲೀತೀರಾ?"

ಮಾತಿನಲ್ಲಿ ಸೋತಾಗ ಮೇಷ್ಟ್ರು ಮುಖ ಊದಿಸಿಕೊಂಡು ಕಾರು ಒರೆಸಲು ಹೋಗುವುದು ವಾಡಿಕೆ. ಎರಡು ದಿನ ಕಾರು ಫಳಫಳ ಹೊಳೆಯಿತು. ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಶರಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ಕೇಳಿ ಬರೋಣ. ಕೇಳಿದ ಮಾತ್ರಕ್ಕೆ ಮಾಡ್ಲೇಬೇಕು ಅಂತೇನಿಲ್ಲವಲ್ಲ."

*

ನಡುಮನೆಯಲ್ಲಿ ಮಾತು ಮೆಲ್ಲಗೆ ನಡೆದಿತ್ತು. ಸಾವಿನ ಮನೆಯಲ್ಲಿ ನಗಬಾರದೆಂದು ಬಿಗಿಹಿಡಿದು ಕೂತವರನ್ನು ಗಣಿತದ ಟೀಚರು ಕೆಡಿಸಿದರು.

"ನನಗೆ ಮೊದಲ ದಿನ ಏನಂದ್ರು ಗೊತ್ತಾ? 'ಟೀಚರೇ, ಸ್ಟೀರಿಂಗನ್ನ ಮಕ್ಕಳ ಕಿವಿ ಹಿಂಡಿದ ಹಾಗೆ ಹಿಂಡಬೇಡಿ, ಅದು ತಪ್ಪೇನೂ ಮಾಡಿಲ್ಲ.'"

"ನನಗೆ 'ಡಾಕ್ಟ್ರೇ, ಹಲ್ಲು ಕಚ್ಚಬೇಡಿ, ಅದು ನಿಮ್ಮ ಪೇಷೆಂಟಿನ ಕೆಲಸ' ಅಂದಿದ್ರು," ಎಂದ ದಂತವೈದ್ಯ. ನಕ್ಕವನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ನರೆಗೂದಲಿನ, ಕನ್ನಡಕವನ್ನು ಸರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬಳು ಒಳಗೆ ಬಂದಳು. ಮೇಷ್ಟ್ರ ಕಾಲಿನ ಬಳಿ ಹೂವಿಟ್ಟು, ಸ್ವಲ್ಪ ಹೊತ್ತು ನಿಂತು, ಹೆಂಡತಿಯ ಪಕ್ಕ ನೆಲದ ಮೇಲೆಯೇ ಕೂತಳು.

"ಕಂಬದ ಹುಡುಗಿ ಬಂದಳು ಅಂತ ಅವರಿಗೆ ಹೇಳ್ಬೇಕಿತ್ತು," ಎಂದರು ಹೆಂಡತಿ.

"ಹೇಳಿದ್ರೆ ಎದ್ದು ಕಾರು ದೂರ ನಿಲ್ಲಿಸ್ತಿದ್ರು ಅಮ್ಮ."

ಮೈದುನ ಅವಳನ್ನು ಗುರುತಿಸಿ, ಎದುರಿಗೆ ಬಂದು ಕೂತ. ದುಃಖವೋ ಸಿಟ್ಟೋ ಅವನಿಗೇ ತಿಳಿಯದ ದನಿಯಲ್ಲಿ ಹೇಳಿದ, "ಆ ಜಾಗದ ಬೆಲೆ ಈಗ ಎರಡರಷ್ಟಾಗಿದೆ. ಅಣ್ಣ ನನ್ನ ಮಾತು ಕೇಳಿದ್ದಿದ್ರೆ ಅತ್ತಿಗೆ ಇವತ್ತು ರಾಣಿ ಹಾಗೆ ಇರ್ತಿದ್ರು. ತೊಂಬತ್ತು ವರ್ಷ ಬದುಕೋ ಲೆಕ್ಕ ಹಾಕಿಕೊಟ್ರಿ ನೀವು. ಏನಾಯ್ತು? ನಾಲ್ಕು ವರ್ಷ."

ಸಲಹೆಗಾರ್ತಿ ತಲೆತಗ್ಗಿಸಿ ಕೂತಿದ್ದಳು.

"ನಿಜ," ಎಂದಳು. "ಜಾಗದ ಬೆಲೆ ಅಷ್ಟು ಏರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಮೇಷ್ಟ್ರು ಇಷ್ಟು ಬೇಗ ಹೋಗ್ತಾರೆ ಅಂತಾನೂ ಗೊತ್ತಿರಲಿಲ್ಲ."

ಹೆಂಡತಿ ಅವಳ ಕೈ ಮೇಲೆ ಕೈಯಿಟ್ಟರು. "ಜಾಗ ತಗೊಂಡಿದ್ರೆ ಆ ನಾಲ್ಕು ವರ್ಷ ಅದಕ್ಕೆ ಬೇಲಿ ಹಾಕ್ಕೊಂಡು ಕೂತಿರ್ತಿದ್ವಿ ಕಣೋ," ಎಂದರು ಮೈದುನನಿಗೆ, ಮೆಲ್ಲಗೆ.

*

ಕಚೇರಿಯಲ್ಲಿ ಆವತ್ತು ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತಿದ್ದರು, ಮೊದಲ ದಿನದ ಶಿಷ್ಯರಂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲು ಒತ್ತಿಕೊಳ್ಳುತ್ತಿದ್ದರು. ಫೀಸು ಎಷ್ಟೆಂದು ಮೊದಲೇ ಕೇಳಿದರು, ಕೇಳಿ ಹುಬ್ಬೇರಿಸಿದರು.

"ಇದನ್ನ ಬಿಟ್ಟು ಬೇರೆ ಯಾರಿಂದಾದ್ರೂ ನಿನಗೆ ದುಡ್ಡು ಬರುತ್ತಾ? ಇಂಥದ್ರಲ್ಲಿ ಹಾಕಿಸಿದೆ ಅಂತ?" ಎಂದು ಹೆಂಡತಿ ಕೇಳಿದರು.

"ಒಂದು ಪೈಸೆ ಇಲ್ಲ ಅಮ್ಮ. ನೀವು ಕೊಡೋದಷ್ಟೇ. ಅದಕ್ಕೇ ಜಾಸ್ತಿ ಅನ್ಸುತ್ತೆ."

ಮೇಷ್ಟ್ರಿಗೆ ಈ ಉತ್ತರ ಹಿಡಿಸಿತು. ಆದರೆ ಹಾಗೆಂದು ತೋರಿಸಿಕೊಳ್ಳಲಿಲ್ಲ. ಇದ್ದದ್ದನ್ನೆಲ್ಲ ಹೇಳಿದರು. ಎರಡು ಕಾರು, ಊರ ನಡುವಿನ ಶೆಡ್ಡು, ಬ್ಯಾಂಕಿನ ಠೇವಣಿ, ತಮ್ಮ ತೋರಿಸಿದ ಜಾಗ. ಅವಳು ಕೇಳಿಸಿಕೊಂಡು, ಕನ್ನಡಕ ತೆಗೆದು, ಹೇಳಿದಳು:

"ನಿಮಗೆ ಮಕ್ಕಳಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರೇ ಉಳಿದಾಗ ಏನು ಅಂತ ಯೋಚಿಸಿದ್ದೀರಾ ಮೇಷ್ಟ್ರೇ? ನೀವು ಮೊದಲು ಹೋದ್ರೆ ಅಮ್ಮನ ಕೈಗೆ ಪ್ರತಿ ತಿಂಗಳು ಏನು ಬರುತ್ತೆ?"

ಮೇಷ್ಟ್ರು ಧಡಕ್ಕನೆ ಎದ್ದರು. "ನಡೀಯೇ. ಕಾರು ಸ್ಟಾರ್ಟ್ ಮಾಡೋ ಮೊದಲೇ ಆಕ್ಸಿಡೆಂಟಿನ ಮಾತಾಡ್ತಾಳೆ ಇವಳು!"

"ಮೇಷ್ಟ್ರೇ, ನೀವು ನನಗೆ ಮೊದಲ ದಿನ ಗೇರು ಹೇಳಿಕೊಡಲಿಲ್ಲ. ಕ್ಲಚ್ಚೂ ಹೇಳಿಕೊಡಲಿಲ್ಲ. ಸೀಟ್ ಬೆಲ್ಟ್ ಹಾಕೋದು ಹೇಳಿಕೊಟ್ರಿ."

ಮೇಷ್ಟ್ರು ನಿಂತಲ್ಲೇ ನಿಂತರು. ಆಮೇಲೆ ಕೂತರು. ಈ ಸಲ ಕುರ್ಚಿಯ ತುಂಬ ಕೂತರು.

ಅವಳು ಹೇಳಿದ್ದರಲ್ಲಿ ಗೂಢವಾದದ್ದೇನೂ ಇರಲಿಲ್ಲ. ಎಲ್ಲವನ್ನೂ ಒಂದೇ ಕಡೆ ಸುರಿಯಬೇಡಿ. ಶೆಡ್ಡು ಮಾರದೆ ಬಾಡಿಗೆಗೆ ಕೊಡಿ, ತಿಂಗಳ ಖರ್ಚಿಗಾಗುತ್ತದೆ. ಎಲ್ಲದರಲ್ಲೂ ಇಬ್ಬರ ಹೆಸರಿರಲಿ. ತಮ್ಮನ ಜಾಗ ಒಳ್ಳೆಯದೇ ಇರಬಹುದು, ಆದರೆ ಕಾಯಿಲೆ ಬಂದ ದಿನ ಜಾಗದ ಒಂದು ಮೂಲೆ ಕತ್ತರಿಸಿ ಆಸ್ಪತ್ರೆಗೆ ಕೊಡಲಾಗುವುದಿಲ್ಲ. ಕಾರುಗಳನ್ನು ಮಾತ್ರ ಈಗಲೇ ಮಾರಿ. ಇದನ್ನು ಹೇಳಿದಾಗ ಮೇಷ್ಟ್ರ ಮುಖ ಸಣ್ಣದಾಯಿತು.

"ಇನ್ನೊಂದು," ಎಂದಳು. "ಮೊದಲ ಕೆಲವು ವರ್ಷಕ್ಕೆ ಸ್ವಲ್ಪ ದುಡ್ಡು ಬೇರೆ ತೆಗೆದಿಡೋಣ, ಬರೀ ಖರ್ಚು ಮಾಡೋಕೆ. ಕೈಕಾಲು ಆಡ್ತಿರುವಾಗಲೇ. ಮೇಷ್ಟ್ರೇ, ನಿಮಗೇನಾಸೆ?"

"ನನಗೇನು... ನಾನು ಜೀವಮಾನವೆಲ್ಲ ಈ ಊರಿನ ಹದಿನಾಲ್ಕು ರಸ್ತೆಯಲ್ಲೇ ಸುತ್ತಿದ್ದೀನಿ. ಯಾವಾಗ ನೋಡಿದ್ರೂ ಸೆಕೆಂಡ್ ಗೇರು. ಒಂದು ಉದ್ದನೆ ರಸ್ತೆಯಲ್ಲಿ ಹೋಗ್ಬೇಕು ಅಂತ."

"ಅಮ್ಮಾ, ನಿಮಗೆ?"

ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ. ಬೇಕರಿಯವನು, ದಂತವೈದ್ಯ, ಮೈದುನ, ಯಾರೂ. ಅವರು ಕಿಟಕಿಯ ಕಡೆ ನೋಡಿದರು. ಪರದೆ ಒಂದು ಬೆರಳಷ್ಟು ಗಿಡ್ಡವಾಗಿದೆಯೇನೋ ಅನ್ನಿಸಿತು.

"ನಾನು ಕಾರು ಓಡಿಸೋದು ಕಲೀಬೇಕು," ಎಂದರು.

ಮೇಷ್ಟ್ರು ತಿರುಗಿ ಹೆಂಡತಿಯನ್ನು ನೋಡಿದರು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ.

"ಹೇಳಿದ್ದೆ. ನೀವು ಮನೆಯವರ ಹತ್ರ ಕಲೀಬಾರದು ಅಂದ್ರಿ. ಮನೆಯವರಲ್ಲದವರ ಹತ್ರ ಕಳಿಸೋಕೆ ನಿಮಗೆ ಮರ್ಯಾದೆ ಅಡ್ಡ ಬಂತು."

ಮಾರನೆಯ ವಾರ ಮೇಷ್ಟ್ರು ತಾವೇ ಹೋಗಿ ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಡತಿಯ ಹೆಸರು ಸೇರಿಸಿ ಬಂದರು. ಜೀವನವಿಡೀ ಪೈಪೋಟಿ ನಡೆಸಿದ್ದ ಸ್ಕೂಲು ಅದು. ಪಾಠ ನಡೆಯುವಷ್ಟು ದಿನವೂ ಮೂಲೆಯ ಅಂಗಡಿಯ ಹಿಂದೆ ಮರೆಯಾಗಿ ನಿಂತು ನೋಡುತ್ತಿದ್ದರು. ಹೆಂಡತಿಗೆ ಗೊತ್ತಿತ್ತು. ಕನ್ನಡಿಯಲ್ಲಿ ಕಾಣುತ್ತಿದ್ದರು.

ಕಲಿಸುವ ಕಾರುಗಳನ್ನು ಮಾರಿ, ಹಳೆಯದೊಂದು ಪುಟ್ಟ ಕಾರು ತಂದರು. ಅದರ ಪಕ್ಕದ ಸೀಟಿಗೂ ಬ್ರೇಕ್ ಹಾಕಿಸುತ್ತೇನೆಂದು ಮೇಷ್ಟ್ರು ಪಟ್ಟು ಹಿಡಿದರು. "ಹಾಕಿಸಿದ್ರೆ ನಾನು ಕೂರಲ್ಲ," ಎಂದರು ಹೆಂಡತಿ. ಹಾಕಿಸಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರು ಹೋದ ಊರುಗಳು ಒಂದೆರಡಲ್ಲ. ಪರದೆ ಹೊಲಿದು ಮುಗಿದರೆ ಹೊರಟರು. ಮೇಷ್ಟ್ರು ಪಕ್ಕದಲ್ಲಿ ಕೂತು ಬಾಯಿ ಬಿಗಿಹಿಡಿದುಕೊಳ್ಳುತ್ತಿದ್ದರು, ಮಾತಾಡಬಾರದೆಂದು ಒಪ್ಪಂದವಾಗಿತ್ತು. ಎದುರಿಗೆ ಲಾರಿ ಬಂದರೆ ಉಸಿರು ಎಳೆದುಕೊಳ್ಳುವ ಸದ್ದು ಮಾತ್ರ ಕೇಳುತ್ತಿತ್ತು. ಲಾರಿ ದಾಟಿದ ಮೇಲೆ, ಎಲ್ಲೋ ನೋಡುತ್ತಾ, "ಪರವಾಗಿಲ್ಲ. ಆ ಎದುರು ಬೀದಿಯವನು ಚೆನ್ನಾಗೇ ಕಲಿಸಿದ್ದಾನೆ," ಎನ್ನುವರು. ಒಮ್ಮೆ ಉದ್ದನೆಯ, ನೆಟ್ಟನೆಯ ರಸ್ತೆಯೊಂದರಲ್ಲಿ ಅವರು ನಿದ್ದೆಹೋದರು. ಕಾರಿನಲ್ಲಿ ಅವರು ನಿದ್ದೆ ಮಾಡಿದ್ದನ್ನು ಹೆಂಡತಿ ಅದುವರೆಗೆ ನೋಡಿರಲಿಲ್ಲ. ಎಚ್ಚರವಾಗಬಾರದೆಂದು ಹಿಡಿಯಬೇಕಾದ ತಿರುವನ್ನು ಬಿಟ್ಟು ಮುಂದೆಯೇ ಹೋಗಿಬಿಟ್ಟರು.

ನಿನ್ನೆ ಬೆಳಿಗ್ಗೆಯೂ ಹೊರಡುವವರಿದ್ದರು. ಮೇಷ್ಟ್ರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದರು. ಹೆಂಡತಿ ನೀರಿನ ಬಾಟಲಿ ತುಂಬಿಸಿಕೊಂಡು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಒಂದು ಶೂ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿ.

*

ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ಮಾತಾಡಿ ಎಂದು ಯಾರೋ ಮೈದುನನನ್ನು ಮುಂದೆ ತಳ್ಳಿದರು. ಅವನು "ನಮ್ಮಣ್ಣ..." ಎಂದು ಶುರುಮಾಡಿ, ಮುಂದೆ ಹೋಗಲಾರದೆ, ಚಿಕ್ಕ ಹುಡುಗನ ಹಾಗೆ ಅತ್ತ. ಅತ್ತಿಗೆ ಅವನ ಬೆನ್ನು ಸವರುತ್ತಾ ನಿಂತರು. ಅವರಿಗೆ ಅಳು ಬಂದಿದ್ದು ಅದನ್ನು ನೋಡಿ.

ಜನ ಕರಗಿದರು. ಶವವಾಹನ ಖಾಲಿಯಾಗಿ ಹೊರಟುಹೋಯಿತು. ಮೈದುನನ ಕಾರು ಮನೆಯ ಗಲ್ಲಿಯಲ್ಲೇ ಉಳಿದಿತ್ತು. ಅವನು ಸ್ಮಶಾನದ ಗೇಟಿನ ಬಳಿ ದಿಕ್ಕುತೋಚದೆ ನಿಂತಿದ್ದ. ಅತ್ತಿಗೆ ಅವನ ಮುಂದೆ ಕಾರು ತಂದು ನಿಲ್ಲಿಸಿ, ಒಳಗಿನಿಂದ ಬಾಗಿಲು ತೆರೆದರು.

"ಬಾ, ಹತ್ತು."

ಅವನು ಹಿಂದಿನ ಬಾಗಿಲಿಗೆ ಕೈ ಹಾಕಿದ. "ಮುಂದೆ ಕೂತ್ಕೊಳೋ. ನಾನೇನು ನಿನ್ನ ಡ್ರೈವರಾ?" ಎಂದರು. ಅವನು ಮುಂದೆ ಕೂತ. ಅಣ್ಣ ಇದ್ದಷ್ಟು ದಿನ ಆ ಸೀಟಿನಲ್ಲಿ ಬೇರೆ ಯಾರೂ ಕೂತದ್ದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವನು ಕಿಟಕಿಯಾಚೆ ನೋಡುತ್ತಾ ಕೇಳಿದ, "ಮೇಲಿನ ರೂಮು ಬೇಡ ಅಂತೀರಾ?"

"ಬರ್ತೀನಿ ಕಣೋ. ಎರಡು ದಿನ ಇರೋಕೆ ಬರ್ತೀನಿ. ನಿನ್ನ ಹೆಂಡತಿ ಕೈಯ ಅಡುಗೆ ತಿಂದು ಹೋಗ್ತೀನಿ. ಶೆಡ್ಡಿನ ಬಾಡಿಗೆ ಬರ್ತಿದೆ, ಕೈಯಲ್ಲಿ ಹೊಲಿಗೆ ಇದೆ. ಮಿಕ್ಕಿದ್ದಕ್ಕೆ ಮುಂದಿನ ತಿಂಗಳು ಆ ಕಂಬದ ಹುಡುಗಿ ಹತ್ರ ಹೋಗ್ತೀನಿ, ಈಗ ನಾನೊಬ್ಬಳೇ ಅಂತ ಹೇಳ್ಬೇಕಲ್ಲ."

ಅವನು ತಲೆಯಾಡಿಸಿದ. ಅಂಗಡಿ ಸಾಲು ದಾಟಿತು, ಸ್ಕೂಲು ದಾಟಿತು.

"ಅತ್ತಿಗೆ, ಆ ಹೆಂಗಸು... ಅಂಗಡಿ ಇರೋರಿಗೂ ಹೇಳ್ತಾಳಾ? ಇಲ್ಲ, ಸುಮ್ನೆ ಕೇಳಿದೆ. ನನಗೂ ಮಂಡಿ ನೋವು ಶುರುವಾಗಿದೆ."

"ಹೇಳ್ತಾಳೆ. ಫೀಸು ಕೇಳಿ ಹುಬ್ಬೇರಿಸಬೇಡ ಅಷ್ಟೇ."

ಎದುರಿಗೆ ಸೈಕಲ್ಲೊಂದು ಅಡ್ಡ ಬಂತು. ಅತ್ತಿಗೆ ಬ್ರೇಕ್ ಒತ್ತಿದರು. ಮೈದುನ ಆಯತಪ್ಪಿ ಮುಂದಕ್ಕೆ ಬಾಗಿದವನು, ಕಾಲ ಕೆಳಗೆ ಏನೋ ಸಿಕ್ಕಿದಂತಾಗಿ ಬಗ್ಗಿ ನೋಡಿದ. ದಪ್ಪನೆಯ ರಬ್ಬರಿನ ಮ್ಯಾಟು, ಬಲಗಾಲು ಬರುವಲ್ಲಿ ಅಂಗೈಯಗಲ ಸವೆದು ತೂತು ಬಿದ್ದಿತ್ತು. ತೂತಿನೊಳಗೆ ತಗಡು ಬೆಳ್ಳಗೆ ಹೊಳೆಯುತ್ತಿತ್ತು.

"ಇಲ್ಲಿ ಮ್ಯಾಟು ಹರಿದುಹೋಗಿದೆ ಅತ್ತಿಗೆ."

"ಹ್ಞೂಂ. ನಿಮ್ಮಣ್ಣನ ಬ್ರೇಕ್."

ಅವನು ಮತ್ತೊಮ್ಮೆ ನೋಡಿದ. ಆಮೇಲೆ ಬಲಗಾಲನ್ನು ಎತ್ತಿ, ಎಡಗಾಲಿನ ಪಕ್ಕಕ್ಕೆ ತಂದು, ಮೊಣಕಾಲೆರಡನ್ನೂ ಬಾಗಿಲಿಗೆ ಒತ್ತಿ ಇಕ್ಕಟ್ಟಾಗಿ ಕೂತ. ಮನೆ ಬರುವವರೆಗೂ ಆ ಜಾಗದ ಮೇಲೆ ಕಾಲಿಡಲಿಲ್ಲ.